ಹೀಟ್ಸ್ ಹೋಗಿ ಸ್ಟಾಪ್‌ವಾಚ್ ಬಂದಾಗ

ಮೈಕ್ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಗಂಟಲಿಗೆ ಏನು ಕುಡಿಯುತ್ತಿದ್ದಿರಿ? ಅಷ್ಟು ಜನರ ಮುಂದೆ ಹೆದರಿಕೆ ಆಗುತ್ತಿರಲಿಲ್ಲವೇ? ಬಿಸಿನೀರು ಕುಡಿಯುತ್ತಿದ್ದೆ. ಹೆದರಿಕೆ ಆಗುತ್ತಿತ್ತು. ಇಷ್ಟು ಹೇಳಿದರೆ ಅವರಿಗೆ ಸಮಾಧಾನವಾಗುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಊರು ತಗಡೂರು. ನಂಜನಗೂಡಿಗೆ ಬಂದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟೆ. ಮದುವೆ, ಎಲೆಕ್ಷನ್ನು, ಪೋಲಿಯೋ ಹನಿ, ನಾಳೆ ನಲ್ಲಿ ನೀರು ಬರುವುದಿಲ್ಲ, ಇಂಥವರು ತೀರಿಕೊಂಡಿದ್ದಾರೆ ಎಂಬಂಥ ಸುದ್ದಿಗಳೆಲ್ಲ ಜೀಪಿನ ಮೇಲಿದ್ದ ನನ್ನ ಹಾರ್ನ್‌ನಿಂದಲೇ ಊರಿಗೆ ತಲುಪುತ್ತಿದ್ದವು. ಸಾವಿನ ಸುದ್ದಿ ಹೇಳುವಾಗ ನಿಧಾನವಾಗಿ, ಎಲೆಕ್ಷನ್ನಿನಲ್ಲಿ ಜೋರಾಗಿ, ಮದುವೆಯಲ್ಲಿ ಆದಷ್ಟು ಕಡಿಮೆ ಮಾತಾಡಬೇಕು. ಇದು ಯಾರೂ ಹೇಳಿಕೊಟ್ಟದ್ದಲ್ಲ, ಬೈಸಿಕೊಂಡು ಕಲಿತದ್ದು. ಆದರೆ ನನ್ನ ಕೆಲಸದಲ್ಲಿ ನನಗೆ ನಿಜವಾಗಿ ಕಷ್ಟ ಕೊಟ್ಟದ್ದೂ ಖುಷಿ ಕೊಟ್ಟದ್ದೂ ಬೈಕ್ ರೇಸು.

ತೊಂಬತ್ತರ ದಶಕದ ಮೊದಲಲ್ಲಿ ಮೈಸೂರಿನ ಒಂದು ಮೋಟಾರ್ ಕ್ಲಬ್ಬಿನವರು ನಮ್ಮ ಕಡೆ ಮಣ್ಣಿನ ಟ್ರ್ಯಾಕಿನ ರೇಸು ಶುರು ಮಾಡಿದರು. ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ, ಟಿ. ನರಸೀಪುರದಿಂದ ಸೋಮನಾಥಪುರಕ್ಕೆ ಹೋಗುವ ಕಡೆ ಒಂದಷ್ಟು ಜಮೀನು ಗೊತ್ತುಮಾಡಿ, ಬದು ಸಮ ಮಾಡಿಸಿ, ಸುತ್ತ ಹಗ್ಗ ಕಟ್ಟಿಸುತ್ತಿದ್ದರು. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಒಂದು ಮೇಜು, ನಾಲ್ಕು ಕುರ್ಚಿ, ನನ್ನ ಮೈಕು. ಅದೇ ನಮ್ಮ ವೇದಿಕೆ.

ಕ್ಲಬ್ಬಿನ ಮುಖ್ಯಸ್ಥರು ಸುಬ್ಬಯ್ಯ ಅಂತ, ಕೊಡಗಿನವರು. ಮಾತು ಕಡಿಮೆ, ಮೀಸೆ ದಪ್ಪ. ಮೊದಲನೇ ವರ್ಷ ಅವರು ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಬರೆದು ನನ್ನ ಕೈಗೆ ಕೊಟ್ಟರು. ಅದರಲ್ಲಿ ಅವರ ಹುದ್ದೆ ‘ಕ್ಲರ್ಕ್ ಆಫ್ ದಿ ಕೋರ್ಸ್’ ಎಂದಿತ್ತು. ರೇಸಿನಲ್ಲಿ ಆ ಹೆಸರಿನವನೇ ಎಲ್ಲರಿಗಿಂತ ದೊಡ್ಡವನು ಅಂತ ನನಗೆ ಹೇಗೆ ಗೊತ್ತಾಗಬೇಕು? ‘ಓಟದ ಗುಮಾಸ್ತರಾದ ಸುಬ್ಬಯ್ಯನವರು ಈಗ ಬಾವುಟ ತೋರಿಸುತ್ತಾರೆ’ ಎಂದು ಗಟ್ಟಿಯಾಗಿ ಹೇಳಿದೆ. ಅವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಅವತ್ತಿನಿಂದ ನರಸೀಪುರದ ಜನಕ್ಕೆ ಅವರು ಗುಮಾಸ್ತರೇ ಆದರು. ಆದರೂ ಮುಂದಿನ ವರ್ಷ ನನ್ನನ್ನೇ ಕರೆಸಿದರು. ಇಂಗ್ಲಿಷ್ ಕಾಗದ ಮಾತ್ರ ಕೊಡಲಿಲ್ಲ.

ಆಗ ಫೈನಲ್‌ಗೆ ಆಯ್ಕೆ ಮಾಡುತ್ತಿದ್ದದ್ದು ಹೀಟ್ಸ್ ಮೂಲಕ. ಬಂದ ಸವಾರರನ್ನೆಲ್ಲ ಗುಂಪು ಮಾಡಿ ಒಂದೊಂದು ಗುಂಪನ್ನೂ ಒಟ್ಟಿಗೆ ಬಿಡುವುದು, ಪ್ರತಿ ಗುಂಪಿನಲ್ಲಿ ಮೊದಲು ಬಂದ ಇಬ್ಬರು ಫೈನಲ್‌ಗೆ. ವಿವರಿಸುವ ಅಗತ್ಯವೇ ಇರಲಿಲ್ಲ. ಯಾರು ಮುಂದಿದ್ದಾನೋ ಅವನು ಮುಂದೆ. ಬಾವುಟ ಬಿದ್ದ ಕೂಡಲೇ ಎಲ್ಲ ಗಾಡಿಗಳೂ ಮೊದಲನೇ ತಿರುವಿಗೆ ಒಟ್ಟಿಗೆ ನುಗ್ಗುತ್ತಿದ್ದವು. ಕೆಂಪು ದೂಳು ಎದ್ದು ಯಾರೂ ಕಾಣಿಸುತ್ತಿರಲಿಲ್ಲ. ದೂಳಿನಿಂದ ಮೊದಲು ಹೊರಗೆ ಬರುವವನು ಯಾರು ಅಂತ ಜನ ಉಸಿರು ಹಿಡಿದು ಕಾಯುತ್ತಿದ್ದರು. ಬಂದ ಕೂಡಲೇ ಸಿಳ್ಳೆ. ಆ ಸಿಳ್ಳೆಯ ಮುಂದೆ ನನ್ನ ಹಾರ್ನು ಏನೂ ಅಲ್ಲ.

ನಮ್ಮ ಕಡೆಯ ಸವಾರರಲ್ಲಿ ಇಬ್ಬರು ಹೆಸರು ಮಾಡಿದ್ದರು. ಒಬ್ಬ ಸೋಸಲೆಯ ಪುಟ್ಟಸ್ವಾಮಿ. ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಸೆಕೆಂಡ್ ಹ್ಯಾಂಡ್ ಗಾಡಿಯೊಂದನ್ನು ತಾನೇ ಬಿಚ್ಚಿ ಕಟ್ಟಿ ರೇಸಿಗೆ ತಯಾರು ಮಾಡಿಕೊಂಡಿದ್ದ. ಇನ್ನೊಬ್ಬ ನಂಜನಗೂಡಿನ ರಫೀಕ್. ಲಾರಿ ಬಾಡಿಗಳಿಗೆ ಬಣ್ಣ ಹೊಡೆಯುವವನು. ಇಬ್ಬರೂ ದೋಸ್ತಿಗಳು. ಒಂದೇ ಟೆಂಪೋದಲ್ಲಿ ಇಬ್ಬರ ಗಾಡಿಗಳನ್ನೂ ಹೇರಿಕೊಂಡು ಬರುತ್ತಿದ್ದರು. ಟ್ರ್ಯಾಕಿಗೆ ಇಳಿದರೆ ಮಾತ್ರ ಒಬ್ಬರಿಗೊಬ್ಬರು ಜಾಗ ಬಿಡುತ್ತಿರಲಿಲ್ಲ.

ನೋಡುವವರಲ್ಲಿ ಹೆಸರು ಮಾಡಿದವರು ನಂಜಪ್ಪನವರು. ಬಾಳೆಹಣ್ಣಿನ ವ್ಯಾಪಾರ. ಬಿಳಿ ಪಂಚೆ, ಬಿಳಿ ಶರ್ಟು, ಹಣೆ ತುಂಬ ವಿಭೂತಿ. ಒಂದು ರೇಸನ್ನೂ ಬಿಡುತ್ತಿರಲಿಲ್ಲ. ಯಾವಾಗಲೂ ನನ್ನ ಟ್ರೇಲರಿನ ಪಕ್ಕದಲ್ಲೇ ನಿಂತು ಪುಟ್ಟಸ್ವಾಮಿ ಏನು ಮಾಡಬೇಕಿತ್ತು, ಏನು ಮಾಡಲಿಲ್ಲ ಅಂತ ನನಗೆ ಹೇಳುತ್ತಿದ್ದರು. ಅವರು ಬೈಕ್ ಓಡಿಸಿದ್ದನ್ನು ನಾನು ಕಂಡಿಲ್ಲ. ಆದರೆ ಸೋಸಲೆ, ನರಸೀಪುರದ ಕಡೆಯ ಜನ ಅವರು ಎದ್ದರೆ ಏಳುತ್ತಿದ್ದರು, ಕೂತರೆ ಕೂರುತ್ತಿದ್ದರು.

ಹೀಗೆ ಹಲವು ವರ್ಷ ನಡೆಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ಪುಟ್ಟಸ್ವಾಮಿ, ರಫೀಕ್ ಇಬ್ಬರೂ ಒಂದೇ ಹೀಟಿನಲ್ಲಿ ಬಂದರು. ಎಂದಿನಂತೆ ಬಾವುಟ, ಎಂದಿನಂತೆ ದೂಳು. ದೂಳಿನಿಂದ ಮೊದಲು ಹೊರಗೆ ಬಂದವನು ಪುಟ್ಟಸ್ವಾಮಿ. ಜನ ಹುಚ್ಚೆದ್ದು ಸಿಳ್ಳೆ ಹೊಡೆದರು. ಅವನು ಸ್ವಲ್ಪ ದೂರ ಬಂದು ಹಿಂದಕ್ಕೆ ತಿರುಗಿ ನೋಡಿ, ಗಾಡಿಯನ್ನು ಹಾಗೆಯೇ ನೆಲಕ್ಕೆ ಹಾಕಿ, ಬಂದ ದಾರಿಯಲ್ಲೇ ವಾಪಸ್ ಓಡಿದ. ಗಾಡಿ ಕೈಕೊಟ್ಟಿತು ಅಂತ ಜನ ತಿಳಿದರು. ನಂಜಪ್ಪನವರು ತಲೆ ಚಚ್ಚಿಕೊಂಡು, ಗೆದ್ದ ರೇಸು ಹೋಯ್ತಲ್ಲ ಅಂದರು. ದೂಳು ಇಳಿದ ಮೇಲೆ ಕಂಡದ್ದು, ತಿರುವಿನಲ್ಲಿ ಮೂರು ಗಾಡಿ ಒಂದರ ಮೇಲೊಂದು ಬಿದ್ದಿದ್ದವು, ರಫೀಕ್ ಅಡಿಯಲ್ಲಿದ್ದ.

ಅವನನ್ನು ಮೈಸೂರಿಗೆ ಸಾಗಿಸಿದರು. ಪುಟ್ಟಸ್ವಾಮಿಯೂ ಹತ್ತಿ ಹೋದ. ಬಲಗಾಲು ಎರಡು ಕಡೆ ಮುರಿದಿತ್ತು. ಆಪರೇಷನ್ ಆಗಿ ಕೂಡಿಕೊಂಡಿತಾದರೂ ಸ್ವಲ್ಪ ಗಿಡ್ಡವಾಯಿತು. ರಫೀಕ್ ಮತ್ತೆ ಬಣ್ಣದ ಕೆಲಸಕ್ಕೆ ಹೋದ. ರೇಸಿಗೆ ಮತ್ತೆ ಇಳಿಯಲಿಲ್ಲ. ಅವತ್ತು ಗದ್ದೆಯಲ್ಲಿ ಮಾತ್ರ ಉಳಿದ ಹೀಟ್ಸ್ ನಡೆದವು, ಫೈನಲ್ಲೂ ನಡೆಯಿತು, ನಾನೂ ಕೊನೆಯವರೆಗೆ ಮಾತಾಡಿದೆ. ಕೆಲಸ ಅಂದರೆ ಹಾಗೆಯೇ.

ಮುಂದಿನ ವರ್ಷ ಸುಬ್ಬಯ್ಯನವರು ರೇಸಿಗೆ ಮುಂಚೆ ನನ್ನನ್ನು ಕರೆಸಿ, ಇನ್ನು ಮೇಲೆ ಹೀಟ್ಸ್ ಇಲ್ಲ ಅಂದರು. ಸವಾರರು ಒಬ್ಬೊಬ್ಬರಾಗಿ ಹೋಗುವುದು, ಸ್ಟಾಪ್‌ವಾಚ್ ಹಿಡಿಯುವುದು, ಒಬ್ಬನಿಗೆ ಒಂದೇ ಸುತ್ತು. ಕಡಿಮೆ ಸಮಯ ತೆಗೆದುಕೊಂಡವರು ಫೈನಲ್‌ಗೆ. ಮೊದಲು ಯಾರು, ಆಮೇಲೆ ಯಾರು ಅನ್ನುವುದಕ್ಕೆ ಚೀಟಿ ಎತ್ತುವುದು. ಯಾಕೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಬಲ್ ಟಿವಿಯಲ್ಲಿ ಬರುತ್ತಿದ್ದ ವಿದೇಶಿ ಕಾರ್ ರೇಸಿನಲ್ಲೂ ಆಗಷ್ಟೇ ಅಂಥದ್ದೇ ನಿಯಮ ಬಂದಿತ್ತು. ನಂಜನಗೂಡಿನ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವ ಕೆಲವರು ಅದನ್ನು ನೋಡಿ, ಟೀ ಅಂಗಡಿಯಲ್ಲಿ ಸರಿ ತಪ್ಪು ಅಂತ ಜಗಳ ಮಾಡುತ್ತಿದ್ದರು. ಇವರೂ ಅದನ್ನೇ ನೋಡಿ ತಂದಿದ್ದಾರೆ ಅಂದುಕೊಂಡೆ.

ಜನರಿಗೆ ಅದು ಒಂದಿಷ್ಟೂ ಹಿಡಿಸಲಿಲ್ಲ. ಒಬ್ಬ ಸವಾರ ಬರುತ್ತಾನೆ, ಒಂದು ಸುತ್ತು ಹೋಗುತ್ತಾನೆ, ನಾನು ಸಮಯ ಹೇಳುತ್ತೇನೆ. ಇನ್ನೊಬ್ಬ ಬರುತ್ತಾನೆ. ಡ್ರೈವಿಂಗ್ ಲೈಸೆನ್ಸ್ ಕೊಡ್ತಾ ಇದ್ದೀರಾ ಅಂತ ಒಬ್ಬ ಕೂಗಿದ. ಮಾತು ಬಿಟ್ಟು ಹಾಡು ಹಾಕು ಅಂತ ಇನ್ನೊಬ್ಬ. ಅರ್ಧ ಜನ ಬೆನ್ನು ತಿರುಗಿಸಿ ಕಡಲೆಕಾಯಿ ತಿನ್ನುತ್ತಾ ಕೂತರು. ನಂಜಪ್ಪನವರು ಟ್ರೇಲರಿನ ಪಕ್ಕ ನಿಂತು ನಿಧಾನವಾಗಿ ತಮ್ಮ ತೀರ್ಪು ಕೊಟ್ಟರು.

‘ರೇಸು ಅಂದ್ರೆ ಇಬ್ರು ಇರ್ಬೇಕು ಕಣ್ರೀ. ಒಬ್ನೇ ಓಯ್ತಾ ಇದ್ರೆ ಅದು ಪ್ರಯಾಣ.’

ನನಗೂ ಕೆಲಸ ಕಷ್ಟವಾಯಿತು. ಹತ್ತು ಗಾಡಿ ಒಟ್ಟಿಗೆ ಓಡುವಾಗ ಮಾತು ತಾನಾಗಿ ಬರುತ್ತದೆ. ಒಬ್ಬನೇ ಓಡುವಾಗ ಏನು ಹೇಳುವುದು? ಮೊದಮೊದಲು ಸವಾರನ ಊರು, ಕೆಲಸ, ಗಾಡಿ ಅಂತ ಪರಿಚಯ ಹೇಳಿ ತುಂಬಿಸಿದೆ. ಆಮೇಲೆ ಟ್ರ್ಯಾಕಿನ ನಾಲ್ಕು ಕಡೆ ಗುರುತು ಮಾಡಿಕೊಂಡು, ‘ಹೋದವನು ಬೇವಿನ ಮರ ದಾಟುವಾಗ ಇಷ್ಟಾಗಿತ್ತು, ಇವನು ಇನ್ನೂ ಬೇಗ ದಾಟಿದ’ ಅಂತ ಹೇಳಲು ಶುರು ಮಾಡಿದೆ. ಆಗ ಕೆಲವರು ತಿರುಗಿ ನೋಡಿದರು. ಹೋದವನನ್ನೂ ಹೋಗುತ್ತಿರುವವನನ್ನೂ ಮಾತಿನಲ್ಲೇ ಒಟ್ಟಿಗೆ ಓಡಿಸಬೇಕು ಅನ್ನುವುದು ನಾನು ಕಂಡುಕೊಂಡ ಉಪಾಯ. ಹೊಸಬರಿಗೆ ಉಪಯೋಗವಾಗಬಹುದು.

ಆ ನಿಯಮದ ಎರಡನೇ ವರ್ಷ ಗಲಾಟೆಯಾಯಿತು. ಪುಟ್ಟಸ್ವಾಮಿಗೆ ಮೊದಲನೇ ಚೀಟಿ ಬಂತು. ದೂಳು ಕೂರಲೆಂದು ಟ್ಯಾಂಕರಿನಲ್ಲಿ ನೀರು ಹಾಕುವುದು ವಾಡಿಕೆ. ಅವತ್ತು ಟ್ಯಾಂಕರು ತಡವಾಗಿ ಬಂದು, ಇವನು ಹೊರಡುವ ಸ್ವಲ್ಪ ಮುಂಚೆ ನೀರು ಹಾಕಿ ಹೋಯಿತು. ಮಣ್ಣು ಹೀರಿಕೊಳ್ಳುವುದಕ್ಕೆ ಹೊತ್ತೇ ಸಿಗಲಿಲ್ಲ. ಎರಡನೇ ತಿರುವಿನಲ್ಲಿ ಅವನ ಹಿಂದಿನ ಚಕ್ರ ಜಾರಿ, ಗಾಡಿ ಪಕ್ಕಕ್ಕೆ ಬಿತ್ತು. ಎತ್ತಿಕೊಂಡು ಸುತ್ತು ಮುಗಿಸಿದ. ಏಟೇನೂ ಆಗಲಿಲ್ಲ, ಆದರೆ ಸಮಯ ಹೋಯಿತು. ಬಿಸಿಲೇರಿ ಟ್ರ್ಯಾಕು ಗಟ್ಟಿಯಾದ ಮೇಲೆ ಬಂದವರೆಲ್ಲ ಸಲೀಸಾಗಿ ಹೋದರು. ಫೈನಲ್‌ಗೆ ಹೋಗುವವರ ಹೆಸರು ನಾನು ಓದಿದಾಗ ಅವನ ಹೆಸರು ಇರಲಿಲ್ಲ.

ಮೊದಲು ಯಾರೂ ಕೂಗಲಿಲ್ಲ. ನಂಜಪ್ಪನವರು ಹಗ್ಗ ಎತ್ತಿ, ಬಗ್ಗಿ ಒಳಗೆ ಹೋಗಿ, ಆ ಬಿಳಿ ಪಂಚೆಯಲ್ಲೇ ಟ್ರ್ಯಾಕಿನ ನಡುವೆ ಕೂತರು. ಅವರ ಹಿಂದೆ ನಾಲ್ಕು ಜನ, ಅವರ ಹಿಂದೆ ಇಪ್ಪತ್ತು, ಆಮೇಲೆ ಎಣಿಸುವ ಹಾಗಿರಲಿಲ್ಲ. ಬೇಕಂತಲೇ ನೀರು ಹಾಕಿ ನಮ್ಮವನನ್ನು ಬೀಳಿಸಿದರು ಅನ್ನುವ ಮಾತು ಎದ್ದಿತು. ಹೀಟ್ಸ್ ವಾಪಸ್ ಬರಬೇಕು, ಇಲ್ಲದಿದ್ದರೆ ಫೈನಲ್ ನಡೆಯುವುದಿಲ್ಲ ಅಂದರು. ಒಬ್ಬ ನನ್ನ ಹಾರ್ನ್ ಕಟ್ಟಿದ್ದ ಬಿದಿರಿನ ಗಳು ಹಿಡಿದು ಅಲ್ಲಾಡಿಸತೊಡಗಿದ. ಬಂದೋಬಸ್ತಿಗೆ ಬಂದಿದ್ದ ಪೊಲೀಸರು ಇಬ್ಬರೇ. ಅವರು ಸುಬ್ಬಯ್ಯನವರ ಮುಖ ನೋಡಿದರು, ಸುಬ್ಬಯ್ಯನವರು ನನ್ನ ಮುಖ ನೋಡಿದರು.

ಹೆದರಿಕೆ ಆಗುತ್ತಿತ್ತು ಅಂತ ಬರೆದೆನಲ್ಲ, ಅದು ಇಂಥ ದಿನಗಳಿಗೆ. ಮೈಕ್ ಹಿಡಿದವನ ಬಾಯಿಂದ ಒಂದು ತಪ್ಪು ಮಾತು ಬಂದರೂ ಕಲ್ಲು ಬೀಳುತ್ತದೆ. ಸುಮ್ಮನಿದ್ದರೂ ಬೀಳುತ್ತದೆ. ಏನಾದರೂ ಹೇಳುತ್ತಲೇ ಇರಬೇಕು, ಅದು ಯಾರನ್ನೂ ಕೆಣಕಬಾರದು. ಹಗ್ಗದ ಹತ್ತಿರ ಮಕ್ಕಳಿದ್ದಾರೆ, ಹೆಣ್ಣುಮಕ್ಕಳಿದ್ದಾರೆ, ಅವರಿಗೆ ದಾರಿ ಬಿಡಿ ಅಂತ ಅದನ್ನೇ ತಿರುಗಿಸಿ ತಿರುಗಿಸಿ ಹೇಳಿದೆ.

ಸುಬ್ಬಯ್ಯನವರು ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಪುಟ್ಟಸ್ವಾಮಿಗೆ ಇನ್ನೊಂದು ಸುತ್ತು ಕೊಡುತ್ತೇವೆ ಅಂತ ಹೇಳಿಬಿಡು ಅಂದರು. ಉಳಿದ ಸವಾರರು ಅಲ್ಲೇ ನಿಂತಿದ್ದರು. ಅವನಿಗೆ ಕೊಟ್ಟರೆ ನಮಗೂ ಕೊಡಬೇಕು, ಇಲ್ಲದಿದ್ದರೆ ಗಾಡಿ ಹೇರಿಕೊಂಡು ಹೊರಟೆವು ಅಂದರು. ಅವರು ಹೇಳಿದ್ದೂ ನ್ಯಾಯವೇ. ‘ಹೇಳು’ ಅಂತ ಸುಬ್ಬಯ್ಯನವರು ಮತ್ತೆ ಅಂದರು. ನಾನು ಮೈಕನ್ನು ಬಾಯಿಯ ಹತ್ತಿರ ತಂದೆ.

ಅಷ್ಟರಲ್ಲಿ ಪುಟ್ಟಸ್ವಾಮಿ ಟ್ರೇಲರ್ ಹತ್ತಿ ಬಂದು ಮೈಕಿನ ಮೇಲೆ ಕೈ ಇಟ್ಟ. ಮೈಯೆಲ್ಲ ಕೆಸರು. ‘ತಡಿ ಅಣ್ಣ, ನಾನು ಮಾತಾಡ್ತೀನಿ’ ಅಂದ. ನಾನು ಸುಬ್ಬಯ್ಯನವರನ್ನು ನೋಡಿದೆ. ಅವರು ಬೇಡ ಅನ್ನಲಿಲ್ಲ. ಕೊಟ್ಟೆ.

ಅವನಿಗೆ ಮೈಕ್ ಹಿಡಿಯುವುದು ಗೊತ್ತಿರಲಿಲ್ಲ. ತೀರಾ ಹತ್ತಿರ ಹಿಡಿದದ್ದಕ್ಕೆ ಮೊದಲು ಬರೀ ಉಸಿರು ಕೇಳಿಸಿತು. ಅವನ ಉಸಿರು ಗದ್ದೆಯ ತುಂಬ ಕೇಳಿಸಿದ ಮೇಲೆ ಜನ ತಾವಾಗಿ ಸುಮ್ಮನಾದರು.

‘ಈ ರೂಲು ತರ್ಸಿದ್ದು ನಾನೇ ಕಣ್ರಪ್ಪಾ’ ಅಂದ. ‘ಗುಮಾಸ್ತರ ಮನೆಗೆ ಓಗಿ, ಈಟ್ಸ್ ನಿಲ್ಸಿ ಸಾ ಅಂತ ಕೇಳ್ಕಂಡಿದ್ದು ನಾನು.’

ಕೆನ್ನೆಯ ಕೆಸರು ಒರೆಸಿಕೊಂಡ. ಆಮೇಲೆ ಮುಂದುವರಿಸಿದ.

‘ಆವತ್ತು ರಫೀಕ ಬಿದ್ನಲ್ಲ, ಅವನ ಕಾಲ್ ಮೇಲೆ ಅತ್ಕಂಡ್ ಓಗಿದ್ದು ನನ್ನ ಗಾಡಿ. ನಿಮಗೆ ದೂಳಲ್ಲಿ ಕಾಣ್ನಿಲ್ಲ, ನೀವು ಸಿಳ್ಳೆ ಒಡುದ್ರಿ. ನಿಮ್ಮ ತಪ್ಪಲ್ಲ. ನನಗೆ ಕಾಣ್ತು. ಇವತ್ತು ನಾನು ಬಿದ್ದೆ. ಇಂದ್ಗಡೆ ಯಾರೂ ಇರ್ನಿಲ್ಲ, ಎದ್ದು ಬಂದೆ. ಇದೇ ರೂಲು ಇರ್ಲಿ. ನನಗೆ ಇನ್ನೊಂದು ಸುತ್ತು ಬ್ಯಾಡ. ಎದ್ದೇಳಿ.’

ಮೈಕನ್ನು ನನ್ನ ಕೈಗೆ ಕೊಟ್ಟು ಇಳಿದು ಹೋದ.

ಮೊದಲು ಎದ್ದವರು ನಂಜಪ್ಪನವರೇ. ಪಂಚೆಗೆ ಅಂಟಿದ ಮಣ್ಣು ಒದರಿಕೊಂಡರು, ಯಾರನ್ನೂ ನೋಡಲಿಲ್ಲ, ಹಗ್ಗ ದಾಟಿ ನೇರವಾಗಿ ಬಸ್ಸಿನ ಕಡೆ ನಡೆದರು. ಅವರ ಕಡೆಯವರೂ ಒಬ್ಬೊಬ್ಬರಾಗಿ ಎದ್ದರು. ಕೆಲವರು ಪುಟ್ಟಸ್ವಾಮಿಯ ಬೆನ್ನು ತಟ್ಟಿ ಹೋದರು. ಇನ್ನು ಕೆಲವರಿಗೆ ಅವನ ಮೇಲೇ ಸಿಟ್ಟು ಬಂದಿತ್ತು. ನಿನಗೋಸ್ಕರ ಮಣ್ಣಲ್ಲಿ ಕೂತೆವು, ನೀನೇ ನಮ್ಮ ಆಟ ಕೆಡಿಸಿದವನಾ ಅಂದರು. ಅವನು ಗಾಡಿಯ ಕೆಸರು ಒರೆಸುತ್ತಾ ಕೂತ. ಫೈನಲ್ ನಡೆಯಿತು. ಅರ್ಧ ಗದ್ದೆ ಖಾಲಿ. ನಾನು ಗೆದ್ದವನ ಹೆಸರು ಕೂಗಿದಾಗ ಸೋಮನಾಥಪುರದ ಗುಡಿ ನೋಡಲು ಬಂದಿದ್ದ ಯಾರೋ ಪ್ರವಾಸಿಗರು ಚಪ್ಪಾಳೆ ತಟ್ಟಿದರು.

ಅದರ ಮುಂದಿನ ರೇಸುಗಳಿಗೆ ನಂಜಪ್ಪನವರು ಬರಲಿಲ್ಲ. ಜನರೂ ಕಡಿಮೆಯಾದರು. ಸುಬ್ಬಯ್ಯನವರು ನಿಯಮ ಬಿಡಲಿಲ್ಲ. ಆದರೆ ನೀರು ಹಾಕಿದ ಮೇಲೆ ಸಾಕಷ್ಟು ಹೊತ್ತು ಕಾಯದೆ ಯಾರನ್ನೂ ಬಿಡಬಾರದು ಅಂತ ಸೇರಿಸಿದರು. ಒಂದು ಸಲ ಟೀ ಕುಡಿಯುವಾಗ ನನ್ನ ಹತ್ತಿರ ಹೇಳಿದರು. ಪುಟ್ಟಸ್ವಾಮಿ ಅವರ ಮನೆಗೆ ಬಂದಿದ್ದಾಗ ಕುರ್ಚಿಯ ಮೇಲೆ ಕೂರಲೇ ಇಲ್ಲವಂತೆ. ಬಾಗಿಲಲ್ಲೇ ನಿಂತು, ಹೀಟ್ಸ್ ಇದ್ದರೆ ನಾನು ಇನ್ನು ಗಾಡಿ ಓಡಿಸಲಾರೆ ಸಾರ್ ಅಂದನಂತೆ. ಯಾರಿಗೂ ಹೇಳಬೇಡಿ ಅಂತಲೂ ಕೇಳಿಕೊಂಡಿದ್ದನಂತೆ. ಅಷ್ಟು ಜನ ಟ್ರ್ಯಾಕಿನಲ್ಲಿ ಕೂತಾಗಲೂ ಸುಬ್ಬಯ್ಯನವರು ಆ ಮಾತನ್ನು ಬಾಯಿಬಿಟ್ಟಿರಲಿಲ್ಲ. ನಾನು ಕೆಲಸ ಮಾಡಿಕೊಟ್ಟ ದೊಡ್ಡವರಲ್ಲಿ ಅವರನ್ನು ಹೆಚ್ಚು ಗೌರವಿಸುವುದು ಇದಕ್ಕೆ.

ಕೆಲವು ವರ್ಷಗಳ ಮೇಲೆ ನಿಯಮ ಇನ್ನೊಂದು ಸಲ ಬದಲಾಯಿತು. ಅಷ್ಟು ಹೊತ್ತಿಗೆ ಟಿವಿಯ ಕಾರ್ ರೇಸಿನಲ್ಲೂ ಬದಲಾಗಿತ್ತು. ಈ ಸಲ ಮಾತ್ರ ನಮ್ಮವರು ನಿಜವಾಗಿ ಅದನ್ನು ನೋಡಿಯೇ ತಂದರು. ಮೂರು ಭಾಗ. ಸವಾರರನ್ನು ಅಂತರ ಬಿಟ್ಟು ಟ್ರ್ಯಾಕಿಗೆ ಇಳಿಸುವುದು, ಕೊಟ್ಟ ಹೊತ್ತಿನೊಳಗೆ ಎಷ್ಟು ಸುತ್ತಾದರೂ ಹೋಗಬಹುದು, ಅವರವರ ಒಳ್ಳೆಯ ಸುತ್ತಿನ ಸಮಯ ಲೆಕ್ಕಕ್ಕೆ. ಹೊತ್ತು ಮುಗಿದಾಗ ನಿಧಾನವಾಗಿದ್ದವರು ಹೊರಕ್ಕೆ. ಉಳಿದವರು ಎರಡನೇ ಭಾಗಕ್ಕೆ. ಮತ್ತೆ ಕೆಲವರು ಹೊರಕ್ಕೆ. ಕೊನೆಗೆ ಉಳಿದವರು ಮೂರನೆಯದಕ್ಕೆ.

ಇದನ್ನು ಗದ್ದೆಯಲ್ಲಿ ನಿಂತ ಜನಕ್ಕೆ ಹೇಗೆ ಹೇಳುವುದು? ಸುಬ್ಬಯ್ಯನವರು ನನಗೆ ವಿವರಿಸುವುದಕ್ಕೇ ಎರಡು ಟೀ ಬೇಕಾಯಿತು. ಮನೆಗೆ ಬಂದು ಯೋಚಿಸಿ, ರೇಸಿನ ಬೆಳಿಗ್ಗೆ ಮೈಕಿನಲ್ಲಿ ಇಷ್ಟೇ ಹೇಳಿದೆ: ‘ಸ್ಕೂಲಿನಲ್ಲಿ ಕುರ್ಚಿ ಆಟ ಆಡಿದ್ದೀರಲ್ಲ, ಅದೇ ಇದು. ಪ್ರತಿ ಸಲ ಕುರ್ಚಿ ಕಡಿಮೆ ಆಗ್ತಾ ಹೋಗುತ್ತೆ. ಜಾಗ ಸಿಗದವನು ಆಚೆಗೆ.’ ಒಂದು ಕ್ಷಣದಲ್ಲಿ ಎಲ್ಲರಿಗೂ ತಿಳಿಯಿತು. ನಿಯಮವನ್ನು ಪೂರ್ತಿ ಹೇಳಲು ಹೋಗಬೇಡಿ. ಯಾವುದಕ್ಕೆ ಹೆದರಬೇಕು ಅನ್ನುವುದನ್ನು ಹೇಳಿ, ಉಳಿದದ್ದನ್ನು ಜನ ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ಅವತ್ತು ಬಹಳ ದಿನಗಳ ಮೇಲೆ ನನ್ನ ಟ್ರೇಲರಿನ ಪಕ್ಕದಲ್ಲಿ ಬಿಳಿ ಪಂಚೆ ಕಂಡಿತು. ನಂಜಪ್ಪನವರ ಜೊತೆ ರಫೀಕ್ ನಿಂತಿದ್ದ. ಇಬ್ಬರೂ ಬಾಳೆಗೊನೆ ಹೇರುವ ವ್ಯಾನಿನಲ್ಲಿ ಬಂದಿದ್ದರು. ಆಮೇಲೆ ಗೊತ್ತಾಯಿತು: ಆ ಗಲಾಟೆ ನಡೆದ ವಾರವೇ ನಂಜಪ್ಪನವರು ಒಂದು ಚಿಪ್ಪು ರಸಬಾಳೆ ಹಿಡಿದು ರಫೀಕನ ಮನೆ ಹುಡುಕಿಕೊಂಡು ಹೋಗಿದ್ದರಂತೆ. ಹೋಗಿ ಏನು ಮಾತಾಡಿದಿರಿ ಅಂತ ಕೇಳಿದೆ. ಏನೂ ಇಲ್ಲ, ಕಾಲು ತೋರಿಸು ಅಂದೆ, ತೋರಿಸಿದ, ಟೀ ಕುಡಿದೆವು ಅಂದರು. ಅಲ್ಲಿಂದ ಅವರಿಬ್ಬರಿಗೆ ಬಳಕೆ. ರೇಸಿಗೆ ಹೋಗೋಣ ಅಂತ ಹೊರಡಿಸಿದವನು ರಫೀಕನೇ ಅಂತೆ.

ಪುಟ್ಟಸ್ವಾಮಿ ಇನ್ನೂ ಓಡಿಸುತ್ತಿದ್ದ. ಕೂದಲು ನೆರೆಯಲು ಶುರುವಾಗಿತ್ತು. ಮೊದಲನೇ ಭಾಗ ದಾಟಿದ. ಎರಡನೆಯದರಲ್ಲಿ ಹೊತ್ತು ಮುಗಿಯುವವರೆಗೂ ಕೊನೆಯ ಕುರ್ಚಿ ಅವನದೇ ಆಗಿತ್ತು. ಬಾವುಟ ಬೀಳುವಾಗ ಇನ್ನೂ ಟ್ರ್ಯಾಕಿನಲ್ಲಿದ್ದ ನಂಜನಗೂಡಿನ ಹೊಸ ಸವಾರನೊಬ್ಬ ಆಗಲೇ ಶುರು ಮಾಡಿದ್ದ ಸುತ್ತು ಮುಗಿಸಿ ಗೆರೆ ದಾಟಿದ; ಆ ಸುತ್ತೂ ಲೆಕ್ಕಕ್ಕಿತ್ತು. ಸ್ಟಾಪ್‌ವಾಚಿನವರು ತೋರಿಸಿದ ಸಮಯ ನೋಡಿದೆ. ಇಡೀ ಗದ್ದೆ ನನ್ನ ಬಾಯಿ ನೋಡುತ್ತಿತ್ತು. ಹೀಟ್ಸ್ ಕಾಲದಲ್ಲಿ ಜನ ನನ್ನ ಕಡೆ ತಿರುಗಿ ನೋಡಿದ್ದೇ ಇಲ್ಲ. ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಪುಟ್ಟಸ್ವಾಮಿ ಹೊರಗೆ ಅಂತ ಹೇಳಿದೆ. ಅಯ್ಯೋ ಅನ್ನುವ ದನಿ ಒಂದು ಕಡೆ, ಸಿಳ್ಳೆ ಇನ್ನೊಂದು ಕಡೆ. ಯಾರೂ ಹಗ್ಗ ದಾಟಲಿಲ್ಲ.

ಅವನು ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಟ್ರೇಲರಿನ ಹತ್ತಿರ ಬಂದ. ರಫೀಕನನ್ನು ನೋಡಿ ನಿಂತ. ಆಸ್ಪತ್ರೆಯ ದಿನಗಳಾದ ಮೇಲೆ ಅವರಿಬ್ಬರ ನಡುವೆ ಮಾತು ಕಡಿಮೆಯಾಗಿತ್ತು ಅಂತ ನನಗೆ ಗೊತ್ತಿತ್ತು. ಪುಟ್ಟಸ್ವಾಮಿಗೆ ಮುಖ ಕೊಡಲು ಆಗುತ್ತಿರಲಿಲ್ಲವೋ ಏನೋ. ನಂಜಪ್ಪನವರು ಇಬ್ಬರ ನಡುವೆ ನಿಂತು ಸುಮ್ಮನಿರಲಾಗದೆ, ಈ ಕುರ್ಚಿ ಆಟವೂ ಪರವಾಗಿಲ್ಲ, ಆದರೂ ಹೀಟ್ಸಿನ ಮುಂದೆ ಏನೂ ಇಲ್ಲ ಅಂದರು.

‘ನನಗೂ ಈಟ್ಸೇ ಇಷ್ಟ ಕಣಣ್ಣ’ ಅಂದ ರಫೀಕ್.

ಪುಟ್ಟಸ್ವಾಮಿ ಅವನ ಮುಖವನ್ನೇ ನೋಡಿದ. ‘ನಿನಗೋಸ್ಕರ ಅಲ್ವೇನ್ಲಾ ನಾನು ಅದ್ನ ನಿಲ್ಸಿದ್ದು?’

‘ನಾನು ಕೇಳಿದ್ನಾ?’ ಅಂದ ರಫೀಕ್. ‘ಒಂದ್ ಮಾತು ನನ್ನ ಕೇಳಿದ್ರೆ, ಬ್ಯಾಡ ಅಂತಿದ್ದೆ. ನೀನು ಮನೆ ಕಡೆನೇ ಬರ್ನಿಲ್ಲ.’

ರಫೀಕ್ ಪುಟ್ಟಸ್ವಾಮಿಯ ಕಂಕುಳಿಂದ ಹೆಲ್ಮೆಟ್ ತೆಗೆದುಕೊಂಡು, ಬಣ್ಣ ಹೋಗಿದ್ದ ಜಾಗವನ್ನು ಉಗುರಿನಲ್ಲಿ ಕೆರೆದು ನೋಡಿ, ಅಂಗಡಿಗೆ ತಗೊಂಡು ಬಾ ಅಂದ. ಅಷ್ಟರಲ್ಲಿ ಮೂರನೇ ಭಾಗಕ್ಕೆ ಗಾಡಿಗಳು ಶುರುವಾದವು. ಸುಬ್ಬಯ್ಯನವರು ನನಗೆ ಕೈ ತೋರಿಸಿದರು. ನಾನು ಮೈಕ್ ಎತ್ತಿಕೊಂಡೆ. ಅವರು ಮೂವರೂ ಹಗ್ಗದ ಹತ್ತಿರ ಹೋಗಿ ಜನರ ನಡುವೆ ಜಾಗ ಮಾಡಿಕೊಂಡು ನಿಂತರು. ಮೊದಲನೇ ಗಾಡಿ ತಿರುವಿಗೆ ಬಂದಾಗ ಅಲ್ಲಿಂದ ಒಂದು ಸಿಳ್ಳೆ ಕೇಳಿಸಿತು. ತಿರುಗಿ ನೋಡಿದೆ. ಬಾಯಲ್ಲಿ ಎರಡು ಬೆರಳಿಟ್ಟುಕೊಂಡಿದ್ದವನು ಪುಟ್ಟಸ್ವಾಮಿ.